ಕ್ಯೂಗೂ ಟಕ್ಕೂ ಏನು ಸಂಬಂಧ?

ತುಳಸಿ ಲಗ್ನ ಮುಗಿದರೆ ಸಾಕು, ಬೆಳಗಾವಿ ಶಹಾಪುರದ ನಮ್ಮ ಪುಟ್ಟ ಡಿಟಿಪಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮದುವೆ ಕಾರ್ಡು, ವಾಸ್ತುಶಾಂತಿ ಕಾರ್ಡು, ಜಾವಳದ ಕಾರ್ಡು. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಈ ಸಲ ಕೈಗೆ ಆಸರೆಯಾಗಲಿ ಅಂತ ಅಕ್ಕನ ಮಗನನ್ನು ಕರೆಸಿಕೊಂಡೆ. ಡಿಗ್ರಿ ಓದುವ ಹುಡುಗ. ಫೋನಿನ ಮೇಲೆ ಅವನ ಹೆಬ್ಬೆರಳು ಓಡುವುದು ನೋಡಿದರೆ ನನಗೆ ತಲೆ ಸುತ್ತುತ್ತದೆ. ಅದೇ ಹುಡುಗನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಕನ್ನಡ ಹೊಡೆಯುವ ತಂತ್ರಾಂಶ ನುಡಿ ತೆರೆದು, ಬಾಗಲಕೋಟೆ ಅಂತ ಹೊಡಿ ಅಂದೆ. ಇಂಗ್ಲಿಷ್ ಎ ಒತ್ತಿದಲ್ಲೆಲ್ಲ ಅ ಅ ಅ ಅಂತ ಬಂತು. ಕೊನೆಗೆ ಟೆ ಇರಬೇಕಾದಲ್ಲಿ ತೆ.

"ಮಾಮಾ, ಟಿ ಒತ್ತಿದರ ತ ಬರಾಕತ್ತೈತ್ರಿ. ಟ ಎಲ್ಲೈತಿ?"

"ಕ್ಯೂ ಒತ್ತು."

"ಕ್ಯೂಗೂ ಟಕ್ಕೂ ಏನ್ರೀ ಸಂಬಂಧ?"

ಇಪ್ಪತ್ತು ವರ್ಷದಿಂದ ಕ್ಯೂ ಒತ್ತಿ ಟ ತರುತ್ತಿದ್ದೇನೆ. ಒಂದು ದಿನವೂ ಈ ಪ್ರಶ್ನೆ ತಲೆಗೆ ಬಂದಿರಲಿಲ್ಲ.

ಸಂಬಂಧ ಏನೂ ಇಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ, ನಮ್ಮಲ್ಲಿ 49. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದಲ್ಲಿ ಒಂದು ಕೀಲಿಯ ಮೇಲೆ ಅಲ್ಪಪ್ರಾಣ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಮಹಾಪ್ರಾಣ. ಕೆ ಅಂದರೆ ಕ, ಶಿಫ್ಟ್ ಕೆ ಅಂದರೆ ಖ. ಟಿ ಮೇಲೆ ತ ಮತ್ತು ಥ ಕೂತವು. ಹಾಗಾದರೆ ಟ ಠ ಎಲ್ಲಿಗೆ ಹೋಗಬೇಕು? ಡಬ್ಲ್ಯು, ಕ್ಯೂ, ಎಕ್ಸ್ ಕೀಲಿಗಳಿಗೆ ಕನ್ನಡದಲ್ಲಿ ಕೆಲಸ ಇರಲಿಲ್ಲ. ಟ ಕ್ಯೂಗೆ ಹೋಯಿತು, ಡ ಡಬ್ಲ್ಯುಗೆ, ಷ ಎಕ್ಸ್‌ಗೆ. ಖಾಲಿ ಮನೆಗೆ ಬಾಡಿಗೆಗೆ ಬಂದ ಹಾಗೆ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡ ಅಂತ ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಐದು ಒತ್ತು, ಶಿಫ್ಟ್ ಬೇಕಿಲ್ಲ. ಬರಹ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಇಂಗ್ಲಿಷ್ ಕಾಗುಣಿತದ ಪ್ರಕಾರ ಹೋದರೆ ಇದಕ್ಕೇ ಏಳು ಒತ್ತು, ಮೇಲೊಂದು ಶಿಫ್ಟ್. ದಿನಕ್ಕೆ ಹತ್ತು ಕಾರ್ಡು ಹೊಡೆಯುವವನಿಗೆ ಈ ಲೆಕ್ಕ ಸಣ್ಣದಲ್ಲ.

ಇಷ್ಟು ಹೇಳಿದ ಮೇಲೆ ಹುಡುಗ ಫೋನು ತೆಗೆದು ತೋರಿಸಿದ. "ಇದರಾಗ ಹೆಂಗ ಬೇಕಾದರ ಹಂಗ ಹೊಡೀರಿ, ಅದ ತಿಳಕೊಂತೈತಿ."

ನನ್ನ ತಕರಾರು ಇರುವುದೇ ಈ ತಿಳಿದುಕೊಳ್ಳುವುದರ ಮೇಲೆ. ಫೋನು ತಿಳಿದುಕೊಳ್ಳುವುದಿಲ್ಲ, ಊಹೆ ಮಾಡುತ್ತದೆ. ಇಂಗ್ಲಿಷಿನ ಎಲ್ ಒಂದೇ. ನಮ್ಮಲ್ಲಿ ಲ ಇದೆ, ಳ ಇದೆ. ಹಳ್ಳಿ ಅಂತ ಮನಸ್ಸಿನಲ್ಲಿಟ್ಟುಕೊಂಡು ಒತ್ತಿದರೆ ಗೋಡೆ ಮೇಲಿನ ಹಲ್ಲಿ ಬರಬಹುದು. ಮಣೆ ಹಾಕಿ ಅಂದರೆ ಮನೆ ಹಾಕುತ್ತದೆ. ಕೆಳಗೆ ನಾಲ್ಕು ಆಯ್ಕೆ ತೋರಿಸುತ್ತದೆ ನಿಜ, ಅದನ್ನು ನೋಡುವ ಪುರುಸೊತ್ತು ಯಾರಿಗಿದೆ?

ಹೋದ ವರ್ಷ ಒಬ್ಬರು ವಾಸ್ತುಶಾಂತಿ ಕಾರ್ಡಿನ ವಿಷಯವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನೇ ಎತ್ತಿ ಹಾಕಿದೆ, ಪ್ರೂಫ್ ಕಳಿಸಿದೆ, ಅವರೂ ಹೆಬ್ಬೆರಳು ಎತ್ತಿದರು. 300 ಕಾರ್ಡು ಅಚ್ಚಾಯಿತು. ಒಯ್ಯಲು ಬಂದ ಮನೆಯ ಹಿರಿಯರು ಕನ್ನಡಕ ಏರಿಸಿ ಓದಿದರು. ಬೆಳಿಗ್ಗೆ 6ಕ್ಕೆ ಹಾಳು ಉಕ್ಕಿಸುವ ಕಾರ್ಯಕ್ರಮ.

"ಏನ್ರೀ ಇದು? ಮನಿ ಕಟ್ಟೋದ್ರಾಗ ಹಾಳಾಗಿದ್ದು ಸಾಲದಂತ ಕಾರ್ಡಿನ್ಯಾಗೂ ಹಾಳ ಅಂತ ಹೊಡದೀರಿ!"

ತಪ್ಪು ಫೋನಿನದೋ, ಒತ್ತಿದವರದೋ, ನೋಡದೆ ಹಾಕಿದ ನನ್ನದೋ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಇನ್ನೊಮ್ಮೆ ಅಚ್ಚು ಹಾಕಿಸಿ ಕೊಟ್ಟೆ. ಬೆಳಗಾವಿ ಅನ್ನುವ ನಮ್ಮ ಊರ ಹೆಸರಿನಲ್ಲೇ ಳ ಇದೆ ಮಾರಾಯ್ರೇ. 2014ರ ನವೆಂಬರ್ 1ರಂದು ಅಷ್ಟು ಸಂಭ್ರಮದಿಂದ ಬೆಳಗಾಂ ಬಿಟ್ಟು ಬೆಳಗಾವಿ ಆದೆವು. ಆ ಳವನ್ನು ಬರೆಯಲು ಇವತ್ತಿಗೂ ಇಂಗ್ಲಿಷ್ ಎಲ್ ಒತ್ತಿ, ಫೋನು ಏನು ಕೊಡುತ್ತದೋ ಅಂತ ಕಾಯುತ್ತೇವೆ.

ಇನ್ನೊಂದು ಮಾತು. ನಮ್ಮ ಅವ್ವ ನಾಲ್ಕನೇ ಇಯತ್ತೆವರೆಗೆ ಕನ್ನಡ ಶಾಲೆ ಓದಿದವಳು. ಪುರಾಣ ಓದುತ್ತಾಳೆ, ಪೇಪರ್ ಓದುತ್ತಾಳೆ, ಕಾಗುಣಿತ ನನಗಿಂತ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಅಕ್ಷರ ಮಾತ್ರ ಬಾರದು. ಅವಳ ಫೋನಿನಲ್ಲಿ ಕನ್ನಡ ಅಂತ ಹಾಕಿದ್ದರೂ ತೆರೆದದ್ದು ಎಬಿಸಿ ಕೀಬೋರ್ಡು. ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಕಲಿತು ಬಾ ಅಂದ ಹಾಗಾಯಿತು. ಸೆಟ್ಟಿಂಗಿಗೆ ಹೋಗಿ ನೇರ ಕನ್ನಡ ಅಕ್ಷರಗಳ ಕೀಬೋರ್ಡು ಹಾಕಿಕೊಟ್ಟೆ. ಮೊದಲ ವಾರ ಒಂದೊಂದೇ ಅಕ್ಷರ ಹುಡುಕಿದಳು. ಆಮೇಲೆ ಐಐಟಿ ಬಾಂಬೆಯವರ ಸ್ವರಚಕ್ರ ತೋರಿಸಿದೆ. ಅದರಲ್ಲಿ ಕ ಒತ್ತಿ ಹಿಡಿದರೆ ಸುತ್ತಲೂ ಕಾ ಕಿ ಕೀ ಅಂತ ಚಕ್ರ ಬಿಚ್ಚಿಕೊಳ್ಳುತ್ತದೆ. "ಇದು ನಮ್ಮ ಸಾಲಿ ಪಾಟಿ ಇದ್ದಂಗೈತಿ" ಅಂದಳು. ಈಗ ಮೊಮ್ಮಕ್ಕಳಿಗೆ ಮೆಸೇಜು ಹಾಕುತ್ತಾಳೆ, ಒಂದು ತಪ್ಪೂ ಇಲ್ಲದೆ. ಡಿಗ್ರಿ ಹುಡುಗರ ಉತ್ತರದಲ್ಲಿ ಮಾತ್ರ ಹಲ್ಲಿಗಳು.

ಇಷ್ಟೆಲ್ಲ ಹೇಳಿದ ಮೇಲೆ ನುಡಿಯೇ ಶ್ರೇಷ್ಠ ಅಂತ ನಾನು ಮುಗಿಸಬೇಕು ಅಲ್ವಾ? ಆದರೆ ನಮ್ಮ ಊರಿಗೆ ಹೊಂದುವುದು ನುಡಿ ಅಲ್ಲ, ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಹೊರತಂದ ಕೀಲಿ ವಿನ್ಯಾಸ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ದೊಡ್ಡ ಲಾಭ ಏನೆಂದರೆ, ನಮ್ಮ ಲಿಪಿಗಳಿಗೆಲ್ಲ ಒಂದೇ ಜಾಗ. ಕನ್ನಡದ ಳ ಎಲ್ಲಿದೆಯೋ ಮರಾಠಿಯ ಳವೂ ಅಲ್ಲೇ. ಒಂದು ಸಲ ಬೆರಳಿಗೆ ಕಲಿಸಿದರೆ ಎರಡೂ ಭಾಷೆ ಬಂತು. ಬೆಳಗಾವಿಯ ಡಿಟಿಪಿ ಅಂಗಡಿಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಮರಾಠಿಯನ್ನು ಇನ್‌ಸ್ಕ್ರಿಪ್ಟಿನಲ್ಲೇ ಹೊಡೆಯುತ್ತೇನೆ. ಕನ್ನಡಕ್ಕೆ ಬಂದರೆ ಮತ್ತೆ ನುಡಿ. ಅಲ್ಲಿ ತ ಅಂದರೆ ಎಲ್, ಇಲ್ಲಿ ತ ಅಂದರೆ ಟಿ. ಸಂಜೆ ದಣಿದಾಗ ಬೆರಳು ಹಾದಿ ತಪ್ಪುತ್ತದೆ. ತಾಯಿ ಅಂತ ಹೊಡೆಯಲು ಹೋದರೆ ತಾ ಬದಲು ಲೆ ಬರುತ್ತದೆ.

ಕನ್ನಡವನ್ನೂ ಇನ್‌ಸ್ಕ್ರಿಪ್ಟಿಗೆ ಒಯ್ಯಲು ಎರಡು ಸಲ ಪ್ರಯತ್ನ ಮಾಡಿದ್ದೇನೆ. ಎರಡೂ ಸಲ ಸೋಲಿಸಿದ್ದು ಎತ್ವ. ಮನೆ, ಇದೆ, ಬಂದಿದೆ, ಹಾಗೆ, ಹೇಗೆ, ಕೆಳಗೆ. ನಮ್ಮ ಭಾಷೆಯಲ್ಲಿ ಈ ಗಿಡ್ಡ ಎತ್ವ ಇಲ್ಲದ ವಾಕ್ಯ ಸಿಗುವುದು ಕಷ್ಟ. ಇನ್‌ಸ್ಕ್ರಿಪ್ಟಿನಲ್ಲಿ ಅದನ್ನು ಎಲ್ಲಿ ಇಟ್ಟಿದ್ದಾರೆ ಗೊತ್ತಾ? ಜಡ್ ಕೀಲಿಯ ಮೇಲೆ. ಎಡಗೈ ಕಿರುಬೆರಳು ಮಡಚಿ ಕೆಳಗಿನ ಮೂಲೆಗೆ ಹೋಗಬೇಕು. ಉದ್ದನೆಯ ಏತ್ವ ಮಾತ್ರ ನಡುಸಾಲಿನಲ್ಲಿ ಆರಾಮಾಗಿ ಕೂತಿದೆ. ಹಿಂದಿ, ಮರಾಠಿಗಳಿಗೆ ಗಿಡ್ಡ ಎ, ಗಿಡ್ಡ ಒ ಬೇಕಿಲ್ಲ. ನಮಗೆ ಬೇಕಾದ ಈ ಎರಡನ್ನೂ ಮೂಲೆಗೆ ತಳ್ಳಿದ್ದಾರೆ. ಒತ್ವ ಒಂದು ಅಂಕಿಯ ಪಕ್ಕ, ಮೇಲಿನ ತುದಿಯಲ್ಲಿದೆ. ಸಂಜೆ ಹೊತ್ತಿಗೆ ಕಿರುಬೆರಳು ಜೋಮು ಹಿಡಿಯಿತು. ನುಡಿಗೆ ವಾಪಸ್ ಬಂದೆ.

ಹುಡುಗ ನಕ್ಕ. "ನೀವೂ ಹಠಮಾರಿನ ಬಿಡ್ರಿ ಮಾಮಾ." ಇರಬಹುದು. ಇಂಗ್ಲಿಷಿನವರದೂ ಇದೇ ಕಥೆ. ಅಮೆರಿಕದ ಶೋಲ್ಸ್ ಅನ್ನುವವರು 1870ರ ದಶಕದಲ್ಲಿ ಟೈಪ್‌ರೈಟರಿಗೆ ಹೊಂದಿಸಿದ ಕ್ಯೂ ಡಬ್ಲ್ಯು ಸಾಲನ್ನೇ ಇವತ್ತು ಎರಡು ಹೆಬ್ಬೆರಳಲ್ಲಿ ಗಾಜಿನ ಮೇಲೆ ಒತ್ತುತ್ತಾರೆ. 1936ರಲ್ಲಿ ಡ್ವೊರಾಕ್ ಅನ್ನುವವರು ಸ್ವರಗಳನ್ನೆಲ್ಲ ನಡುಸಾಲಿಗೆ ತಂದು ಹೊಸ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಬಳಸುವವರು ಬೆರಳೆಣಿಕೆ. ಹಳೆಯ ಬೆರಳಿಗೆ ಹೊಸ ಮನೆ ಒಗ್ಗುವುದಿಲ್ಲ. ಹೊಸ ಬೆರಳಿಗೆ ಒಗ್ಗುತ್ತದೆ. ಹಾಗಾಗಿ ಹುಡುಗನಿಗೆ ನುಡಿ ಬಿಡಿಸಿ ಇನ್‌ಸ್ಕ್ರಿಪ್ಟ್ ಹಚ್ಚಿದ್ದೇನೆ, ಎರಡೂ ಭಾಷೆಗೆ. ಎತ್ವ ಬಂದಾಗ ನನ್ನ ಕಡೆ ನೋಡಿ ಮುಖ ಕಿವುಚುತ್ತಾನೆ. ನಾನು ಕಂಪ್ಯೂಟರ್ ಕಡೆ ನೋಡುತ್ತೇನೆ.

ಅಂಕಿಗಳದು ಮಾತ್ರ ಇನ್ನೂ ಬಗೆಹರಿದಿಲ್ಲ. ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡಿನಲ್ಲಿ 7, 8, 9 ಮೇಲೆ. ಫೋನು ಹಚ್ಚುವಾಗ 1, 2, 3 ಮೇಲೆ. ಕಂಪ್ಯೂಟರಿನದು ಲೆಕ್ಕದ ಯಂತ್ರಗಳಿಂದ ಬಂದ ಕ್ರಮ. ಫೋನಿನದು ಅಮೆರಿಕದ ಬೆಲ್ ಕಂಪನಿ ಪರೀಕ್ಷೆ ಮಾಡಿ, 1963ರಲ್ಲಿ ಗುಂಡಿ ಒತ್ತುವ ಫೋನು ತಂದಾಗ ಇಟ್ಟ ಕ್ರಮ. ತಮಾಷೆ ಅಂದರೆ ಒಂದೇ ಮೊಬೈಲಿನಲ್ಲಿ ಎರಡೂ ಇವೆ. ಕ್ಯಾಲ್ಕ್ಯುಲೇಟರ್ ತೆರೆದರೆ ಮೇಲೆ 7, ಪಿನ್ ಒತ್ತಲು ಹೋದರೆ ಮೇಲೆ 1.

ಹೋದ ವಾರ ಹುಡುಗ ಒಂದು ಲಗ್ನಪತ್ರಿಕೆಯಲ್ಲಿ ಮೊಬೈಲ್ ನಂಬರನ್ನು ನೋಡದೇ ಬಲಗಡೆ ಪ್ಯಾಡಿನಲ್ಲಿ ಒತ್ತಿದ, ಫೋನಿನ ಕ್ರಮದಲ್ಲಿ. 9 ಇದ್ದಲ್ಲಿ 3, 8 ಇದ್ದಲ್ಲಿ 2. ಪುಣ್ಯಕ್ಕೆ ಮೊದಲ ಅಂಕಿಯೇ 3 ಆಗಿದ್ದರಿಂದ ಪ್ರೂಫಿನಲ್ಲಿ ಕಣ್ಣಿಗೆ ಬಿತ್ತು. ಈಗ ಆ ಪ್ಯಾಡಿನ ಮೇಲೆ ಒಂದು ರಟ್ಟಿನ ತುಂಡು ಅಂಟಿಸಿದ್ದೇನೆ. ಕಾರ್ಡಿನಲ್ಲಿ ನಂಬರ್ ಬಂದರೆ ಅಕ್ಷರಗಳ ಮೇಲಿನ ಉದ್ದ ಸಾಲಿನಲ್ಲೇ ಒತ್ತಬೇಕು. ಅಲ್ಲಿ 1ರಿಂದ 0ವರೆಗೆ ನೆಟ್ಟಗೆ ಸಾಲಾಗಿ ನಿಂತಿವೆ. ಅವನ ಫೋನಿನಲ್ಲೂ ಹಾಗೇ ಇದೆ, ತೆಗೆದು ನೋಡಿಕೊಂಡ.