ಅತ್ತಿ ಕಣಜ ತ್ಯಾಗಮಯಿ ಅಲ್ಲ

ನಿನ್ನೆ ನನ್ನ ಕಾದಂಬರಿ ಸಂವಾದದಲ್ಲಿ ಮತ್ತೆ ಅದೇ ಮಾತು. "ಅತ್ತಿಹಣ್ಣಿನೊಳಗೆ ಹೋಗಿ ಸಾಯೋ ಕಣಜ ಹೆಣ್ಣಿನ ತ್ಯಾಗಕ್ಕೆ ಒಳ್ಳೇ ಸಂಕೇತ ಮೇಡಂ, ಆದ್ರೆ ಆ ವಿಜ್ಞಾನದ ಪುಟಗಳು ಬೇಕಿತ್ತಾ? ನಾನು ಹಾರಿಸಿಬಿಟ್ಟೆ" ಅಂದ್ರು ಹಿರಿಯರೊಬ್ಬರು. ಅಲ್ಲಿ ಸುಮ್ನಿದ್ದೆ, ಇಲ್ಲಿ ಇರಲ್ಲ. ಆ ಪುಟ ಹಾರಿಸಿದ್ದಕ್ಕೇ ನಿಮಗೆ ತ್ಯಾಗ ಕಂಡಿದ್ದು ಸರ್!

ನಾವು ಅತ್ತಿಹಣ್ಣು ಅನ್ನೋದು ಅಸಲಿಗೆ ಒಳಮುಖವಾಗಿ ಅರಳೋ ರಾಶಿ ರಾಶಿ ಪುಟಾಣಿ ಹೂಗಳು. ಹೆಣ್ಣು ಕಣಜ ಪರಾಗ ಹೊತ್ಕೊಂಡು, ರೆಕ್ಕೆ ಹರ್ಕೊಂಡು, ಸಣ್ಣ ಕಂಡಿಯಲ್ಲಿ ನುಸುಳಿ ಒಳಗೆ ಹೋಗೋದು ಮರಕ್ಕೆ ಉಪಕಾರ ಮಾಡೋಕಲ್ಲ, ತನ್ನ ಮೊಟ್ಟೆ ಇಡೋಕೆ. ಗಿಡ್ಡ ಶಲಾಕೆ (ಹೂವಿನ ಅಂಡಾಶಯದ ಮೇಲಿರೋ ನಳಿಕೆ) ಇರೋ ಹೂಗಳಲ್ಲಿ ಅವಳ ಮಕ್ಕಳು ಬೆಳೀತವೆ, ಉದ್ದ ಶಲಾಕೆಯ ಹೂಗಳಲ್ಲಿ ಅವಳ ಮೊಟ್ಟೆ ಇಡೋ ಕೊಳವೆ ತಳ ಮುಟ್ಟಲ್ಲ, ಅವು ಮರದ ಬೀಜ ಆಗ್ತವೆ. ಇಬ್ಬರಿಗೂ ಪಾಲು. ನನ್ನ ಕಾದಂಬರಿಯ ಸಾವಿತ್ರಿ ಆ ಮನೆ ಹೊಕ್ಕಿದ್ದು ಹೀಗೇ, ತನಗೇನು ಬೇಕು ಅಂತ ಗೊತ್ತಿಟ್ಕೊಂಡು. ಅವಳನ್ನ ತ್ಯಾಗಮಯಿ ಅಂದ್ರೆ ನನಗೆ ಹೊಟ್ಟೆ ಉರಿಯತ್ತೆ.

ಇನ್ನು ಗಂಡು ಕಣಜ. ಅದಕ್ಕೆ ರೆಕ್ಕೆನೇ ಇಲ್ಲ. ಮೊದಲು ಹೊರಬಂದು, ತಾವು ಬೆಳೆದ ಹೂವಿನ ಗಂಟೊಳಗೇ ಇನ್ನೂ ಇರೋ ಹೆಣ್ಣುಗಳ ಜೊತೆ ಕೂಡಿ, ಅವು ಹಾರಿಹೋಗೋಕೆ ಹಣ್ಣಿನ ಗೋಡೆ ಕೊರೆದು ದಾರಿ ಮಾಡಿ ಸಾಯತ್ತೆ. ಇದನ್ನ ಓದೋವರೆಗೂ ಸಾವಿತ್ರಿ ಗಂಡನ ಮೇಲೆ ನನಗೆ ಬರೀ ಸಿಟ್ಟಿತ್ತು. ಓದಿದ ರಾತ್ರಿ ಅವನಿಗೋಸ್ಕರ ಅತ್ತೆ, ನಮ್ಮಪ್ಪನೂ ಹಾಗೇ ಇದ್ರಲ್ಲ ಅಂತ. ಅವನು ಮಗಳನ್ನ ಓದೋಕೆ ಧಾರವಾಡಕ್ಕೆ ಕಳಿಸಿದ ಆ ಅಧ್ಯಾಯ ಬಂದಿದ್ದು ಅಲ್ಲಿಂದ.

ಚಿಕ್ಕಪ್ಪನ ಪಾತ್ರ ಎಲ್ಲರಿಗೂ ಇಷ್ಟ. ಮನೆಯೊಳಗೆ ಕಾಲಿಡದೆ ಹೊರಗಿಂದಲೇ ಆಸ್ತಿ ಕೊರೀತಾನಲ್ಲ, ಅವನೂ ಅತ್ತಿಯಿಂದಲೇ ಬಂದವನು! ಹೊರಗೆ ಕೂತು ಹಣ್ಣನ್ನ ಕೊರೆದು ಒಳಗೆ ಮೊಟ್ಟೆ ಇಡೋ ಪರಾವಲಂಬಿ ಕಣಜವೊಂದಿದೆ. ಅದರ ಕೊರೆಯೋ ತುದಿ ಗಟ್ಟಿ ಇರೋಕೆ ಅಲ್ಲಿರೋ ಸತು ಕಾರಣ ಅಂತ 2014ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು ತೋರಿಸಿದ್ರು. ಅದನ್ನ ಓದದಿದ್ರೆ ಚಿಕ್ಕಪ್ಪ ಹುಟ್ತಾನೇ ಇರ್ಲಿಲ್ಲ.

"ಕಾದಂಬರಿ ಬಯಾಲಜಿ ಪುಸ್ತಕ ಅಲ್ಲ" ಅಂತೀರಿ, ಸರಿ, ಅಲ್ಲ. ಹಾಗಂತ ಹುಳದ ಬದುಕೇ ಗೊತ್ತಿಲ್ಲದೆ ಅದರ ಹೆಸರಲ್ಲಿ ಹೆಂಗಸರಿಗೆ ಆರತಿ ಎತ್ತೋದು ಸಾಹಿತ್ಯನಾ? ಕೋಟ್ಯಂತರ ವರ್ಷದಿಂದ ಆ ಮರ, ಆ ಕಣಜ ಒಂದನ್ನೊಂದು ಬಿಟ್ಟಿರದೆ ಬಂದಿವೆ, ಅದಕ್ಕೆ ಹನ್ನೊಂದು ಪುಟ ಜಾಸ್ತಿನಾ?

ಎರಡನೇ ಮುದ್ರಣಕ್ಕೆ ಆ ಪುಟಗಳನ್ನ ಕಡಿಮೆ ಮಾಡೋಣ ಅಂತ ಪ್ರಕಾಶಕರೂ ಕೇಳಿದಾರೆ. ಆಗಲ್ಲ ಅಂತ ಬೆಳಿಗ್ಗೆನೇ ಮೆಸೇಜ್ ಹಾಕಿದೀನಿ.