ಉಪ್ಪುಗಾಳಿಯ ಊರಿನಲ್ಲಿ ಒಣ ಊರಿನ ಪಾಠ ನಡೆಯುವುದಿಲ್ಲ

ಕೊಯಮತ್ತೂರಿನಲ್ಲಿ ಬಣ್ಣ ಕೆರೆದ ತಗಡನ್ನು ಬೇಸಗೆಯಲ್ಲಿ ಒಂದು ವಾರ ಶೆಡ್ಡಿನಲ್ಲಿ ಹಾಗೇ ಬಿಟ್ಟರೂ ದೊಡ್ಡ ಅನಾಹುತವಿಲ್ಲ. ಮಂಗಳೂರಿನಲ್ಲಿ ಇವತ್ತು ಕೆರೆದದ್ದಕ್ಕೆ ನಾಳೆ ಬೆಳಿಗ್ಗೆ ಕಂದು ಛಾಯೆ ಬಂದಿರುತ್ತದೆ. ಹಳೇ ಕಾರು ಎಬ್ಬಿಸುವ ಕೆಲಸದಲ್ಲಿ ಈ ಎರಡು ಊರುಗಳಿಗೆ ಇರುವ ದೊಡ್ಡ ವ್ಯತ್ಯಾಸ ಇದು. ಹೊರನಾಡಿನಲ್ಲಿದ್ದು ರಜೆಗೆ ಊರಿಗೆ ಬರುವ ನಮ್ಮಂಥವರಿಗೆ ಒಂದು ಚಾಳಿ ಉಂಟು: "ಅಲ್ಲಿ ಹೀಗೆ ಮಾಡ್ತಾರೆ ಮಾರಾಯ್ರೆ, ಇಲ್ಲಿ ಯಾಕೆ ಮಾಡುದಿಲ್ಲ?" ಅಂತ ಗ್ಯಾರೇಜಿನವರಿಗೆ ಪಾಠ ಹೇಳುವುದು. ಅಲ್ಲಿಯದನ್ನು ಹಾಗೇ ಇಲ್ಲಿಗೆ ಇಳಿಸಿದರೆ ಕಾರು ಕೆಡುತ್ತದೆ. ಕರಾವಳಿಯ ಗ್ಯಾರೇಜಿಗೆ ಬೇಕಾದ ವಿದ್ಯೆ ಕೊಯಮತ್ತೂರಿಗಿಂತ, ಅಮೆರಿಕದ ವಿಡಿಯೋಗಳಿಗಿಂತ ಹೆಚ್ಚಾಗಿ ಮಲ್ಪೆಯ ಬೋಟಿನವರ ಹತ್ತಿರ ಉಂಟು.

ಅಮೆರಿಕದ ಕಥೆ ಮೊದಲು ಮುಗಿಸುವ. ಹಳೇ ಕಾರನ್ನು ವೇಗಕ್ಕೆಂದು ಮಾರ್ಪಡಿಸುವ ಹಾಟ್‌ರಾಡ್ ಹುಚ್ಚು ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮ್ಯುರಾಕ್‌ನಂಥ ಒಣಗಿದ ಕೆರೆಯಂಗಳದಲ್ಲಿ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಮಡ್‌ಗಾರ್ಡ್ ಕಳಚಿ, ಭಾರ ಇಳಿಸಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 3.6 ಲೀಟರಿನ, 65 ಅಶ್ವಶಕ್ತಿಯ ವಿ8 ಎಂಜಿನನ್ನು ಸಾಮಾನ್ಯರ ಕಾರಿಗೆ ಇಟ್ಟ ಮೇಲೆ ಆಟ ಜೋರಾಯಿತು. ಆ ಕಾರುಗಳಿಗೆಲ್ಲ ಕೆಳಗೆ ಪ್ರತ್ಯೇಕ ಚಾಸಿ, ಅಂದರೆ ಉಕ್ಕಿನ ಚೌಕಟ್ಟು. ಬಾಡಿಯನ್ನು ಎತ್ತಿ ಪಕ್ಕಕ್ಕಿಡಬಹುದು, ಚಾವಣಿ ಕತ್ತರಿಸಿ ತಗ್ಗಿಸಬಹುದು, ಕಾರಿನ ಬೆನ್ನೆಲುಬಿಗೆ ಏನೂ ಆಗುವುದಿಲ್ಲ. ಮರುಭೂಮಿಯ ಗಾಳಿಯಲ್ಲಿ ತುಕ್ಕು ಕೂಡ ಒಂದು ಬಣ್ಣವಿದ್ದ ಹಾಗೆ. ತುಕ್ಕಿನ ಮೇಲೆಯೇ ಕ್ಲಿಯರ್ ಎಂಬ ಬಣ್ಣವಿಲ್ಲದ ವಾರ್ನಿಶ್ ಹೊಡೆದು "ಹಳೇ ಚಂದ" ಉಳಿಸಿದೆವು ಎನ್ನುತ್ತಾರೆ. ಸುರತ್ಕಲ್ಲಿನಲ್ಲೋ ಕಾಪುವಿನಲ್ಲೋ ಅದನ್ನು ಮಾಡಿದರೆ ಮೊದಲ ಮಳೆಗಾಲಕ್ಕೇ ಆ ಕ್ಲಿಯರ್ ಹಪ್ಪಳದಂತೆ ಏಳುತ್ತದೆ. ತುಕ್ಕಿನೊಳಗೆ ಉಪ್ಪು ಉಂಟು, ಉಪ್ಪು ನೀರನ್ನು ಎಳೆಯುತ್ತದೆ, ಅಷ್ಟೇ.

ನಮ್ಮಲ್ಲಿ ಎಬ್ಬಿಸಲು ಸಿಗುವುದು ಹೆಚ್ಚಾಗಿ ಫಿಯೆಟ್ 1100, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಜೀಪು. ಜೀಪಿಗೆ ಚಾಸಿ ಇರುವುದರಿಂದ ಅದು ಸುಲಭದ ಪ್ರಾಣಿ. ಫಿಯೆಟ್ ಹಾಗಲ್ಲ. ಅದರ ಬಾಡಿಯೇ ಚಾಸಿ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ಸಿಲ್, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುತ್ತಾರಲ್ಲ, ಅದು ಅಲಂಕಾರದ ತಗಡಲ್ಲ, ಕಾರಿನ ತೊಲೆ. ಕರಾವಳಿಯ ಫಿಯೆಟ್ಟಿನಲ್ಲಿ ಮೊದಲು ಹೋಗುವುದೂ ಅದೇ, ಅದೂ ಒಳಗಿನಿಂದ. ಹೊರಗಿನ ತಗಡಿನಲ್ಲಿ ಬೆರಳಗಲದ ತೂತು ಕಂಡರೆ ಒಳಗಿನ ಪದರ ಆಗಲೇ ಅರ್ಧ ಮುಗಿದಿರುತ್ತದೆ. ಆಮೇಲೆ ಮ್ಯಾಟಿನ ಕೆಳಗಿನ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹೆಡ್‌ಲೈಟಿನ ಹಿಂದೆ ಕೆಸರು ಸಿಕ್ಕಿಕೊಳ್ಳುವ ಮೂಲೆ, ಬಾಗಿಲುಗಳ ತಳ.

ಇಲ್ಲಿಯ ಟಿಂಕರ್‌ಗಳ, ಅಂದರೆ ತಗಡಿನ ಕೆಲಸದವರ, ಕೈಚಳಕದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಪ್ಯಾನಲ್ ಸಿಗದಿದ್ದರೆ ತಗಡು ಬಗ್ಗಿಸಿ ತಾವೇ ಮಾಡಿಕೊಳ್ಳುತ್ತಾರೆ; ಕ್ಯಾಟಲಾಗ್ ನೋಡಿ ಪ್ಯಾನಲ್ ತರಿಸಿಕೊಳ್ಳುವ ದೇಶಗಳಲ್ಲಿ ಈ ವಿದ್ಯೆ ದುಬಾರಿ. ನನ್ನ ತಕರಾರು ಕೆಲಸದ ಕ್ರಮದ್ದು. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಬಾಯಿಗೆ 25 ಮಿ.ಮೀ. ಚೌಕ ಪೈಪಿನ ಅಡ್ಡಪಟ್ಟಿ ಕೊಡಬೇಕು, ಹಿಂಜಿನ ಪಿಲ್ಲರಿನಿಂದ ಲಾಕಿನ ಪಿಲ್ಲರಿಗೆ ಒಂದು, ಕರ್ಣಕ್ಕೆ ಒಂದು. ಎರಡೂ ಕರ್ಣದ ಅಳತೆ ಗೋಡೆಯ ಮೇಲಾದರೂ ಸರಿ, ಬರೆದಿಡಬೇಕು. ಕಾರಿನ ಭಾರ ಸಸ್ಪೆನ್ಶನ್ ಕೂರುವ ಜಾಗದಲ್ಲೇ ನಿಲ್ಲಬೇಕು. ನಡುವಿನಲ್ಲಿ ಜಾಕ್ ಕೊಟ್ಟು ಎತ್ತಿ ಸಿಲ್ ಕತ್ತರಿಸಿದರೆ ಎರಡು ತುದಿ ಕೆಳಗೆ ಜೋಲುತ್ತವೆ. ಆ ಸ್ಥಿತಿಯಲ್ಲೇ ಹೊಸ ಸಿಲ್ ಬೆಸುಗೆಯಾಗುತ್ತದೆ. ಬಾಗಿಲು ಆಮೇಲೆ ಮುಚ್ಚುವುದಿಲ್ಲ. ಹಿಂಜು ಬಗ್ಗಿಸಿ ಕೂರಿಸುತ್ತಾರೆ, ಕಾರು ಜೀವನಪೂರ್ತಿ ಕಿರುಗುಟ್ಟುತ್ತದೆ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬಾರದು.

ಹೊರಪದರಕ್ಕೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ತಗಡು ಸಾಕು, ನೆಲದಲ್ಲಿ ಸೀಟು, ಜಾಕ್ ಕೂರುವಲ್ಲಿ 1.6 ಮಿ.ಮೀ. ಬೇಕು. ಗ್ಯಾಸ್ ವೆಲ್ಡಿಂಗಿನ ಬೆಸುಗೆ ಮೆದು, ಸುತ್ತಿಗೆಗೆ ಒಗ್ಗುತ್ತದೆ. ಆದರೆ ಕಾವು ಅಗಲಕ್ಕೆ ಹರಡಿ ಚಪ್ಪಟೆ ತಗಡು ಅಲೆಅಲೆಯಾಗುತ್ತದೆ. ಮಿಗ್ (ತಂತಿ ತಾನೇ ಹರಿದು ಬರುವ ವಿದ್ಯುತ್ ಬೆಸುಗೆ) ಆದರೆ 0.8 ಮಿ.ಮೀ. ತಂತಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕುತ್ತ, ಒಂದು ಇಲ್ಲಿ, ಮುಂದಿನದು ಒಂದಡಿ ಆಚೆ, ನಡುವೆ ತಣಿಯಲು ಬಿಟ್ಟು ಸಾಲು ತುಂಬಿಸಬೇಕು. ಕಂಪನಿಯ ಸ್ಪಾಟ್ ವೆಲ್ಡ್ ಇದ್ದಲ್ಲೆಲ್ಲ ಮೇಲಿನ ತಗಡಿಗೆ 5-6 ಮಿ.ಮೀ. ತೂತು ಹೊಡೆದು, ಆ ತೂತನ್ನೇ ಬೆಸುಗೆಯಿಂದ ತುಂಬುವ ಪ್ಲಗ್ ವೆಲ್ಡ್. ತಗಡಿನ ಮೇಲೆ ತಗಡು ಕೂರುವ ಜಾಗಕ್ಕೆ ಮೊದಲೇ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹೊಡೆಯದಿದ್ದರೆ ಆ ಸಂದಿಗೆ ಮತ್ತೆಂದೂ ಯಾವ ಬ್ರಶ್ಶೂ ಹೋಗದು.

ಇನ್ನು ಬಣ್ಣ. ಜಗಳ ಇರುವುದು ಇಲ್ಲಿ.

ಕಡಲ ಕೆಲಸದ ಪೇಂಟಿಗೆ ಒಂದು ಹಳೇ ನಿಯಮ ಉಂಟು: ತಗಡಿನ ಶಾಖ ಇಬ್ಬನಿ ಕೂರುವ ಶಾಖಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಳೆ ಹಿಡಿಯುವ ಹೊತ್ತಿನ ಮಂಗಳೂರಿನ ಲೆಕ್ಕ ಹಾಕಿ. ಗಾಳಿ 28 ಡಿಗ್ರಿ, ತೇವಾಂಶ ಶೇ. 85. ಇಬ್ಬನಿ ಬಿಂದು 25.2 ಡಿಗ್ರಿಗೆ ಬರುತ್ತದೆ. ಅಂತರ ಮೂರಕ್ಕಿಂತ ಕಡಿಮೆ. ಕಣ್ಣಿಗೆ ತಗಡು ಒಣಗಿದ್ದೇ, ಆದರೆ ಕಂಪ್ರೆಸರಿನ ಗಾಳಿ, ಥಿನ್ನರ್ ಆರುವ ತಂಪು ಎರಡೂ ಸೇರಿದರೆ ತೇವ ಕೂತೇಬಿಡುತ್ತದೆ. ಎನ್‌ಸಿ (ಥಿನ್ನರ್ ಆರಿ ಒಣಗುವ ನೈಟ್ರೋಸೆಲ್ಯುಲೋಸ್) ಪೇಂಟಾದರೆ ಬಿಳಿಯ ಮಂಜು ಹಿಡಿಯುತ್ತದೆ, ಪೇಂಟರ್ ಥಿನ್ನರನ್ನು ಬೈಯುತ್ತಾರೆ. ಜನವರಿಯ ಮಧ್ಯಾಹ್ನ 32 ಡಿಗ್ರಿ, ತೇವಾಂಶ ಶೇ. 55 ಇದ್ದರೆ ಅಂತರ ಹತ್ತು ಡಿಗ್ರಿ. ಅದೇ ಪೇಂಟರ್, ಅದೇ ಡಬ್ಬ, ಕೆಲಸ ಕನ್ನಡಿಯಂತೆ. ಆದ್ದರಿಂದ ಬಣ್ಣದ ಕೆಲಸ ದೀಪಾವಳಿ ಕಳೆದು, ಇಬ್ಬನಿ ಆರಿದ ಮೇಲೆ, ಹನ್ನೊಂದರಿಂದ ನಾಲ್ಕರ ಒಳಗೆ. ಮಳೆಗಾಲದ ಮುಂಚಿನ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವಲ್ಲ, ಪೇಂಟರ್ ಗನ್ ಕೂಡ ಅಂದೇ ಕೆಳಗಿಡುವುದು ಒಳ್ಳೆಯದು. ಮಳೆಗಾಲಕ್ಕೆ ಎಂಜಿನ್, ಗೇರ್‌ಬಾಕ್ಸ್, ವಯರಿಂಗ್, ಸೀಟು ಇಟ್ಟುಕೊಳ್ಳಿ. ಕೊಯಮತ್ತೂರಿನಲ್ಲಿ ಇಂಥ ಪಂಚಾಂಗ ಇಲ್ಲ, ಬೇಡ ಕೂಡ.

ಬೋಟಿನವರು ಮೊದಲು ಸಿಹಿನೀರಿನಲ್ಲಿ ತೊಳೆದು ಉಪ್ಪು ಕಳೆಯುತ್ತಾರೆ, ಆಮೇಲೆ ಕೆರೆಯುತ್ತಾರೆ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯುತ್ತಾರೆ, ಉಳಿದದ್ದೆಲ್ಲ ಅದರ ಮೇಲೆ. ನಮ್ಮ ಕಾರು ಗ್ಯಾರೇಜುಗಳಲ್ಲಿ ಬರೀ ತಗಡಿಗೆ ಪುಟ್ಟಿ, ಪುಟ್ಟಿಯ ಮೇಲೆ ಸರ್ಫೇಸರ್, ನೀರು ಹಾಕಿ ಉಜ್ಜುವುದು, ಬಣ್ಣ. ಪಾಲಿಯೆಸ್ಟರ್ ಪುಟ್ಟಿಯ ಒಳಗೆ ಇರುವುದು ಬಹುಪಾಲು ಟಾಲ್ಕ್ ಪುಡಿ, ಅದು ನೀರು ಕುಡಿಯುತ್ತದೆ. ಕಡಲ ಬದಿಯ ಎಷ್ಟೋ ಬಾವಿಗಳ ನೀರು ಏಪ್ರಿಲ್-ಮೇ ಹೊತ್ತಿಗೆ ಸವಳು. ಅದೇ ನೀರಿನಲ್ಲಿ ಉಜ್ಜಿದರೆ ಉಪ್ಪನ್ನು ಬಣ್ಣದ ಕೆಳಗೆ ನಾವೇ ಬಿತ್ತಿದ ಹಾಗೆ. ಮಳೆಗಾಲದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಬಾನೆಟ್ಟಿನ ತುಂಬ ಏಳುತ್ತವೆ. "ಪೇಂಟ್ ಕಂಪನಿಯ ಮಾಲು ಸರಿ ಇಲ್ಲ" ಎನ್ನುವ ಮಾತು ಆಗ ಬರುತ್ತದೆ. ತಗಡಿಗೆ ಎರಡು ಕೋಟ್ ಎಪಾಕ್ಸಿ ಮೊದಲು. ಪುಟ್ಟಿ ಅದರ ಮೇಲೆ, 2-3 ಮಿ.ಮೀ. ಮೀರದ ಹಾಗೆ, ಒಣ ಉಜ್ಜು. ನೀರು ಬೇಕೇ ಬೇಕಾದರೆ ಫಿಲ್ಟರ್ ನೀರು. ರಸ್ಟ್ ಕನ್ವರ್ಟರ್ ಎಂಬ ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಅದನ್ನು ಪೂರ್ತಿ ತೊಳೆದು ಒಣಗಿಸಬೇಕು. ಆಮ್ಲದ ಅಂಶ ಉಳಿದರೆ ಎಪಾಕ್ಸಿ ಹಿಡಿಯದು.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಹಿಂದೆ ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯ ಅದೇ ಎಣ್ಣೆಯಿಂದ ತೆಗೆದ ಕಾರ್ಡನಾಲ್ ಈಗ ಫೆನಾಲ್ಕಮೈನ್ ಎಂಬ, ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರ್ ಆಗುತ್ತದೆ. ತುಸು ತೇವ ಇರುವ ಮೇಲ್ಮೈಯಲ್ಲೂ ಗಟ್ಟಿಯಾಗುವುದು ಅದರ ಗುಣ, ಹಡಗಿನ ಪೇಂಟಿಗೆ ಜಗತ್ತಿನಾದ್ಯಂತ ಬೇಕು. ಗೇರು ಕಾರ್ಖಾನೆಗಳಿಂದ ಹೆಸರಾದ ಜಿಲ್ಲೆಯವರು ಕಾರಿನ ಅಡಿಗೆ ಕಪ್ಪು ಟಾರು ಬಳಿದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಟಾರು ಒಣಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಹೋಗುತ್ತದೆ, ಹೊರಬರುವುದಿಲ್ಲ. ಕೈಯಿಂದ ಕಿತ್ತರೆ ಟಾರಿನ ಜೊತೆ ತಗಡೂ ಬರುತ್ತದೆ. ಸುಟ್ಟ ಎಂಜಿನ್ ಆಯಿಲ್ ಸ್ಪ್ರೇ ಮಾಡುವವರೂ ಇದ್ದಾರೆ. ತುಕ್ಕು ನಿಧಾನವಾಗುತ್ತದೆ ಸರಿ, ರಬ್ಬರ್ ಬುಶ್‌ಗಳು ಉಬ್ಬಿ ಹಾಳಾಗುತ್ತವೆ. ಅಡಿಗೆ ಹಡಗಿನ ಎಪಾಕ್ಸಿ, ಪೆಟ್ಟಿಗೆ ಭಾಗಗಳ ಒಳಗೆ ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣ. ಸಿಲ್ಲಿಗೆ ಒಳಬದಿಯಿಂದ 10 ಮಿ.ಮೀ. ತೂತು ಕೊರೆದು, ಉದ್ದ ನಳಿಕೆಯಲ್ಲಿ ಮೇಣ ಹೊಡೆದು, ರಬ್ಬರ್ ಗ್ರಾಮೆಟ್ ಹಾಕಿ ಮುಚ್ಚುವುದು. ತಳದ ನೀರಿಳಿಯುವ ತೂತುಗಳಿಗೆ ಆಮೇಲೆ ತಂತಿ ತೂರಿಸಿ ನೋಡದಿದ್ದರೆ ಮೇಣವೇ ಅವನ್ನು ಮುಚ್ಚಿರುತ್ತದೆ.

ಸ್ಯಾಂಡ್‌ಬ್ಲಾಸ್ಟಿಂಗ್ ಬೋಟಿಗೆ ಸರಿ, ಜೀಪಿನ ಚಾಸಿಗೂ ಸರಿ. ಫಿಯೆಟ್ಟಿನ ಬಾನೆಟ್ಟಿಗೆ ಮಾಡಿಸಿದರೆ ಕಣಗಳ ಹೊಡೆತಕ್ಕೇ ತಗಡು ಹಿಗ್ಗಿ ಉಬ್ಬುತ್ತದೆ, ಮತ್ತೆ ಸರಿಯಾಗದು.

ಎಂಜಿನ್ ವಿಷಯಕ್ಕೆ ಬಂದರೆ ನಾನು ಕೊಯಮತ್ತೂರಿನ ಪಕ್ಷ. ಪಂಪು, ಜವಳಿ ಯಂತ್ರ, ಫೌಂಡ್ರಿಗಳ ಊರು ಅದು. ಮಾರುತಿಯ 796 ಸಿಸಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ ಕರಿವರ್ಧನ್ ಅಲ್ಲಿಯವರು, ಅಲ್ಲಿಯ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದ್ದು. ಅಳೆಯದೆ ಮುಟ್ಟುವುದಿಲ್ಲ ಎಂಬ ಅಭ್ಯಾಸ ಅಲ್ಲಿಯ ಲೇತಿನ ಹುಡುಗನಿಗೂ ಉಂಟು. ಪದ್ಮಿನಿಯ 1089 ಸಿಸಿ ಎಂಜಿನಿನ ಬೋರ್ (ಸಿಲಿಂಡರಿನ ವ್ಯಾಸ) 68, ಸ್ಟ್ರೋಕ್ (ಪಿಸ್ಟನ್ನಿನ ಓಟ) 75 ಮಿ.ಮೀ. ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವ ಬೋರಿಂಗ್‌ಗೆ ಮೊದಲು ಪಿಸ್ಟನ್ ಕೈಯಲ್ಲಿರಬೇಕು, ಪ್ರತಿ ಪಿಸ್ಟನ್ ಅಳೆದು ಆಯಾ ಸಿಲಿಂಡರಿಗೆ ಹೊಂದಿಸಬೇಕು. ಇಲ್ಲಿ ಎಷ್ಟೋ ಕಡೆ ಬೋರ್ ಮಾಡಿದ ಮೇಲೆ ಪಿಸ್ಟನ್ ತರುತ್ತಾರೆ. ರೇಸಿಗಾದರೆ ನಾಲ್ಕು ಪಿಸ್ಟನ್, ನಾಲ್ಕು ಕನೆಕ್ಟಿಂಗ್ ರಾಡ್ ಒಂದೆರಡು ಗ್ರಾಂ ಒಳಗೆ ಸಮ ತೂಗಬೇಕು. ಎಂಜಿನ್ ಬ್ಲಾಕನ್ನು ಅಲ್ಲಿಗೆ ಕಳಿಸಿ, ಬಾಡಿ ಇಲ್ಲೇ ಮಾಡಿಸಿ ಎನ್ನುವುದು ನನ್ನ ಲೆಕ್ಕ.

ಪೆಟ್ರೋಲಿನಲ್ಲಿ ಈಗ ಶೇ. 20 ಎಥೆನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ಟ್ಯಾಂಕಿನ ಮುಚ್ಚಳವೋ ಉಸಿರಾಡುವಂಥದ್ದು. ಆಟಿಯ ಮಳೆಗೆ ಎರಡು ತಿಂಗಳು ನಿಲ್ಲಿಸಿದ ಕಾರಿನಲ್ಲಿ ನೀರು ತಳಕ್ಕಿಳಿದು ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯಬಹುದು. ಹಳೇ ಹೋಸ್ ತೆಗೆದು ಎಥೆನಾಲ್ ತಡೆಯುವ ಫ್ಲೋರೋರಬ್ಬರ್ ಹೋಸ್ ಹಾಕಿ. ಮಿಶ್ರಣ ತೆಳುವಾಗುವುದರಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದೆರಡು ಸೈಜ್ ಏರಿಸಿ, ಪ್ಲಗ್ಗಿನ ಬಣ್ಣ ನೋಡಿ ಹೊಂದಿಸಿ.

ಹಾಟ್‌ರಾಡ್ ಆಸೆ ಇರುವ ಹುಡುಗರಿಗೆ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡು ಸುಮ್ಮನೆ ಮಾಡುವಂತಿಲ್ಲ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಗಾಡಿಗಳ ವಿಎ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾಗಿರಬಾರದು, ದಿನನಿತ್ಯ ಓಡಿಸುವಂತೆಯೂ ಇಲ್ಲ. 1970ರ ದಶಕದ ಮೊದಲರ್ಧದ ಫಿಯೆಟ್‌ಗಳು ಈಗ ಆ ಸಾಲಿಗೆ ಸೇರುತ್ತಿವೆ. ಅಂಥದ್ದರ ಚಾವಣಿ ಕತ್ತರಿಸಿದರೆ ಆ ಬಾಗಿಲು ಮುಚ್ಚಿತು. ಟ್ರ್ಯಾಕಿಗೆ ಮಾತ್ರ ಎಂದು ಕಟ್ಟುವುದಾದರೆ ಟ್ರೇಲರಿನಲ್ಲಿ ಒಯ್ಯಿರಿ, ಪಲ್ಟಿಯಾದಾಗ ಒಳಗಿನವರನ್ನು ಕಾಯುವ ರೋಲ್ ಕೇಜಿಗೆ ನೀರಿನ ಜಿಐ ಪೈಪ್ ಹಾಕಬೇಡಿ. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಹೇಳುವುದು ಸೀಮ್ ಇಲ್ಲದ ಉಕ್ಕಿನ ಕೊಳವೆ: ಮುಖ್ಯ ಬಾರಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಅಥವಾ 50ಕ್ಕೆ 2. ಬುಡದಲ್ಲಿ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ತಟ್ಟೆ. ಆ ತಟ್ಟೆ ಕೂರುವ ನೆಲವೇ ಪುಟ್ಟಿಯದ್ದಾದರೆ ಕೇಜ್ ಯಾರನ್ನೂ ಉಳಿಸುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಇಲ್ಲಿ ಯಾಕೆ ಆಗುವುದಿಲ್ಲ? ಕೂಲಿಯ ಲೆಕ್ಕದಿಂದ, ಎಂದೇ ನನ್ನ ಅಂದಾಜು. ಇಡೀ ಕಾರಿಗೆ ಇಂತಿಷ್ಟು ಎಂದು ಗುತ್ತಿಗೆ ಕೊಟ್ಟರೆ ಸಿಲ್ಲಿನ ಒಳಗೆ ಮೇಣ ಹೊಡೆದ ಎರಡು ದಿನಕ್ಕೆ ದುಡ್ಡು ಕೊಟ್ಟವರು ಯಾರು? "ಪುಟ್ಟಿ ಹಾಕಿದ್ರೆ ಗೊತ್ತೇ ಆಗುದಿಲ್ಲ ಸರ್" ಎನ್ನುವ ಟಿಂಕರ್ ಸುಳ್ಳು ಹೇಳುತ್ತಿಲ್ಲ. ಮಾಲೀಕರು ಕೊಡುವುದು ಹೊಳಪಿಗೆ ಮಾತ್ರ ಎಂದು ಅವರಿಗೆ ಗೊತ್ತು. ಧರ್ಮಸ್ಥಳದ ಮಂಜೂಷಾದಲ್ಲಿ, ಕೊಯಮತ್ತೂರಿನ ಜೀಡಿ ಮ್ಯೂಸಿಯಮ್ಮಿನಲ್ಲಿ ಹಳೇ ಕಾರು ನೋಡಿ ಬಂದವರು ವರ್ಣಿಸುವುದೂ ಬಣ್ಣವನ್ನೇ. ತಗಡಿನ ಕೆಲಸಕ್ಕೆ ದಿನಗೂಲಿ, ಬಣ್ಣಕ್ಕೆ ಮಾತ್ರ ಗುತ್ತಿಗೆ ಎಂದು ಬೇರೆ ಮಾಡಿ. ಸಿಲ್ ಮುಚ್ಚುವ ಮೊದಲು, ಎಪಾಕ್ಸಿ ಆದ ಮೇಲೆ, ಮೇಣ ಹೊಡೆಯುವಾಗ, ಈ ಮೂರು ಹಂತದಲ್ಲಿ ಫೋಟೋ ಕೇಳಿ; ಆಯಾ ಹಂತದ ದುಡ್ಡು ಅಂದೇ ಕೊಡಿ.

ಮಳೆಗಾಲಕ್ಕೆ ಕಾರು ನಿಲ್ಲಿಸುವಾಗ ಟರ್ಪಾಲನ್ನು ನೇರ ಬಣ್ಣದ ಮೇಲೆ ಹೊದಿಸಬೇಡಿ, ಒಳಗೆ ಬೆವರುತ್ತದೆ. ಶೀಟಿನ ಮಾಡು, ಕೆಳಗೆ ಸಿಮೆಂಟ್ ನೆಲ, ಮಣ್ಣಿನ ನೆಲವಾದರೆ ದಪ್ಪ ಪ್ಲಾಸ್ಟಿಕ್ ಹಾಳೆ. ಗ್ಲಾಸು ಒಂದು ಬೆರಳು ಇಳಿಸಿ, ಸಂದಿಗೆ ಇಲಿ ಬಾರದಂತೆ ಬಲೆ ಸಿಕ್ಕಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಡ್ರಮ್ಮಿಗೆ ಲೈನರ್ ಅಂಟುತ್ತದೆ. ಚಕ್ರಕ್ಕೆ ಕಲ್ಲು ಕೊಡಿ ಸಾಕು. ಬ್ರೇಕ್ ಆಯಿಲ್ ನೀರೆಳೆಯುವ ದ್ರವ, ಇಲ್ಲಿ ವರ್ಷಕ್ಕೊಮ್ಮೆ ಬದಲಿಸಬೇಕು. ಇನ್ನೊಂದು, ಮಳೆ ನಿಂತ ಮೇಲೂ ನವೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಕಾರಿನ ಅಡಿಗೆ ಸಿಹಿನೀರು ಹೊಡೆಯಿರಿ. ಮೇಲಿನ ಉಪ್ಪನ್ನು ಮಳೆ ತೊಳೆಯುತ್ತದೆ. ಮಡ್‌ಗಾರ್ಡಿನ ಒಳಗೆ, ಸಿಲ್ಲಿನ ಹಿಂದೆ ಕೂತದ್ದಕ್ಕೆ ಮಳೆ ತಾಗುವುದೇ ಇಲ್ಲ.