ಒಂದು ಟೈಮ್‌ಔಟ್ ತಗೊಳ್ಳಪ್ಪಾ ತಂದೆ!

ನಮ್ಮೂರಿನ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗೆ ಟಿ.ವಿ.ಯಲ್ಲಿ ಬರುವ ಪಂದ್ಯವೊಂದಕ್ಕೆ ನಾಲ್ಕು ಟೈಮ್‌ಔಟ್ (ಆಟ ನಿಲ್ಲಿಸಿ ಹುಡುಗರನ್ನು ಕರೆದು ಮಾತಾಡುವ ಚಿಕ್ಕ ಬಿಡುವು) ಸಿಗುತ್ತವೆ. ಅವನ್ನು ಆತ ಮಗಳ ಮದುವೆಗೆ ಮಾಡಿಸಿಟ್ಟ ಒಡವೆಯ ಹಾಗೆ ಕಾಪಾಡುತ್ತಾನೆ. ಎದುರಿನವರು ಸಾಲಾಗಿ ಹನ್ನೆರಡು ಪಾಯಿಂಟ್ ಹೊಡೆದಿರುತ್ತಾರೆ. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ಕ್ರೀಡಾಂಗಣದ ಅರ್ಧ ಜನ ಎದ್ದು ನಿಂತು, ಎರಡೂ ಕೈಯಲ್ಲಿ ಟೈಮ್‌ಔಟ್ ಕೇಳುವ 'ಟಿ' ಮಾಡಿ ತೋರಿಸುತ್ತಿರುತ್ತಾರೆ. ಆತ ಮಾತ್ರ ಕೈಕಟ್ಟಿಕೊಂಡು ಗಮ್ ಜಗಿಯುತ್ತಾ ನಿಂತಿರುತ್ತಾನೆ. ಸೋತು ಮನೆಗೆ ಹೋಗುವಾಗ ಜೇಬಿನಲ್ಲಿ ಎರಡು ಟೈಮ್‌ಔಟ್ ಹಾಗೇ ಉಳಿದಿರುತ್ತವೆ. ಅವು ಮುಂದಿನ ಪಂದ್ಯಕ್ಕೂ ಬರುವುದಿಲ್ಲ, ಮುಂದಿನ ಜನ್ಮಕ್ಕೂ ಬರುವುದಿಲ್ಲ. ಅದನ್ನು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು?

ನಮ್ಮೂರು ಅಂದರೆ ಈಗಿನ ನಮ್ಮೂರು. ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಕಾಲೇಜು ಪಟ್ಟಣ. ಹೆಸರು ಬೇಡ, ನಾಳೆ ಬೆಳಿಗ್ಗೆ ಇದೇ ಜನರ ಮುಖ ನೋಡಬೇಕು. ಈ ರಾಜ್ಯದಲ್ಲಿ ಜೋಳದ ಹೊಲದ ನಡುವೆ ಇರುವ ಕೊಟ್ಟಿಗೆಯ ಗೋಡೆಗೂ ಬಾಸ್ಕೆಟ್ ರಿಂಗ್ ಹೊಡೆದಿರುತ್ತಾರೆ. ನಮ್ಮ ಮನೆಯಲ್ಲಿ ಈ ಹುಚ್ಚು ನನಗೆ. ನಮ್ಮ ಯಜಮಾನರಿಗೆ ಕ್ರಿಕೆಟ್ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಓಡಾಟ. ನಾನು ಮೈಸೂರಿನಲ್ಲಿ ಕಾಲೇಜು ಟೀಮಿಗೆ ಆಡಿದವಳು. ನಮ್ಮ ಪಿ.ಟಿ. ಮೇಷ್ಟ್ರಿಗೆ ಬಾಸ್ಕೆಟ್‌ಬಾಲ್ ಅಷ್ಟಕ್ಕಷ್ಟೇ. ಆದರೆ ಟೀ ಕುಡಿಯಬೇಕು ಅನಿಸಿದಾಗಲೆಲ್ಲ ಟೈಮ್‌ಔಟ್ ಕೇಳುತ್ತಿದ್ದರು. ಹಾಗಾಗಿ ನಾವು ಎಷ್ಟೋ ಪಂದ್ಯ ಗೆದ್ದೆವು.

ಉಳಿದವರಿಗೆ ಕೋಚ್ ಟೈಮ್‌ಔಟ್ ತೆಗೆದುಕೊಳ್ಳದಿದ್ದರೆ ಪಂದ್ಯ ಹೋಗುತ್ತದೆ, ಅಷ್ಟೇ ತಾನೆ. ನನಗೆ ಅಡುಗೆಯೂ ಹೋಗುತ್ತದೆ.

ಹೇಗೆ ಅಂತ ಹೇಳುತ್ತೇನೆ. ಕಾಲೇಜು ಹುಡುಗರ ಪಂದ್ಯ ಒಟ್ಟು 40 ನಿಮಿಷ, 20ರ ಎರಡು ಭಾಗ. ಪ್ರತಿ ಭಾಗದಲ್ಲೂ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗೆ ಇಳಿದ ಮೇಲೆ ಮೊದಲ ಸಲ ಚೆಂಡು ನಿಂತಾಗ ಜಾಹೀರಾತಿಗೆ ಬಿಡುವು ಕೊಡುತ್ತಾರೆ. ಕಾರು, ಇನ್ಶೂರೆನ್ಸ್, ಪಿಜ್ಜಾ, ಮತ್ತೆ ಇನ್ಶೂರೆನ್ಸ್. ನನ್ನ ಅಡುಗೆಮನೆ ನಡೆಯುವುದೇ ಈ ಲೆಕ್ಕದಲ್ಲಿ. 16ಕ್ಕೆ ಬೇಳೆ ಕುಕ್ಕರಿಗೆ. 12ಕ್ಕೆ ತರಕಾರಿ. 8ಕ್ಕೆ ಹುಣಸೆರಸ, ಹುಳಿಪುಡಿ. 4ಕ್ಕೆ ಒಗ್ಗರಣೆ. ನಡುವಿನ 15 ನಿಮಿಷದ ಬಿಡುವಿನಲ್ಲಿ ಚಪಾತಿ. ಗೆಲ್ಲುವ ದಿನ ಈ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯುತ್ತದೆ ಅಂದರೆ, ಕೊನೆಯ ಬಜರ್‌ಗೂ ತಟ್ಟೆಗೂ ಒಂದೇ ಮುಹೂರ್ತ.

ತೊಂದರೆ ಇರುವುದು ಆ 'ಮೊದಲ ಸಲ ಚೆಂಡು ನಿಂತಾಗ' ಅನ್ನುವಲ್ಲಿ. ಗಡಿಯಾರ ನಾಲ್ಕು ದಾಟಿತು ಅಂತ ಬಿಡುವು ತಾನಾಗೇ ಬರುವುದಿಲ್ಲ. ಫೌಲ್ ಆಗಬೇಕು, ಚೆಂಡು ಹೊರಗೆ ಹೋಗಬೇಕು, ಇಲ್ಲವೇ ಯಾರಾದರೂ ಟೈಮ್‌ಔಟ್ ಕೇಳಬೇಕು.

ಜನವರಿಯ ಒಂದು ಸಂಜೆ. ಹೊರಗೆ ಹಿಮ. ಎರಡನೇ ಭಾಗ, ಗಡಿಯಾರ ನಾಲ್ಕರ ಹತ್ತಿರ. ನಾನು ಧೈರ್ಯವಾಗಿ ಎಣ್ಣೆ ಕಾಯಲು ಇಟ್ಟೆ. ಅಷ್ಟರಲ್ಲಿ ಎದುರಿನವರು ಒಂದು ತ್ರೀ ಹಾಕಿದರು, ಅಂದರೆ ದೂರದಿಂದ ಎಸೆದು ಮೂರು ಪಾಯಿಂಟ್. ನಮ್ಮವರು ಚೆಂಡು ಕಳೆದುಕೊಂಡರು. ಇನ್ನೊಂದು ತ್ರೀ. ಸರಿ, ಈಗಂತೂ ಟೈಮ್‌ಔಟ್ ತೆಗೆದುಕೊಳ್ಳುತ್ತಾನೆ ಅಂತ ಸಾಸಿವೆ ಹಾಕಿದೆ. ತೆಗೆದುಕೊಳ್ಳಲಿಲ್ಲ. ಒಂದೊಂದು ದಾಳಿಯಲ್ಲಿ ಚೆಂಡು ಎಸೆಯಲು 30 ಸೆಕೆಂಡಿನ ಗಡುವು (ಶಾಟ್ ಕ್ಲಾಕ್) ಇದೆ, ಸಾಸಿವೆಗೆ ಅಷ್ಟು ತಾಳ್ಮೆ ಇಲ್ಲ. ಬ್ಯಾಡಗಿ ಮೆಣಸಿನಕಾಯಿ, ಇಂಗು ಬಿದ್ದವು. ನಾನು ಕರಿಬೇವು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ತಗೊಳ್ಳಯ್ಯಾ! ಈಗಲಾದರೂ ತಗೊಳ್ಳೋ!" ಅಂತ ಕೂಗುತ್ತಿದ್ದೇನೆ. ಮೂರನೇ ತ್ರೀ ಬಿತ್ತು. ಕ್ಯಾಮೆರಾ ಕೋಚ್ ಮುಖ ತೋರಿಸಿತು. ಗಮ್ ಜಗಿಯುತ್ತಿದ್ದ.

ಹಿಂದೆ ತಿರುಗಿದರೆ ಮೆಣಸಿನಕಾಯಿ ಇದ್ದಿಲು. ಘಾಟು ಹಾಲ್ ತುಂಬಿತು. ಸ್ಮೋಕ್ ಅಲಾರಾಂ ಕಿರುಚಲು ಶುರು ಮಾಡಿತು. ನಮ್ಮ ಯಜಮಾನರು ಕೆಮ್ಮುತ್ತಾ ಟವೆಲ್ ಬೀಸಿದರು, ಕಿಟಕಿಗಳನ್ನೆಲ್ಲ ತೆರೆದರು. ಒಳಗೆ ಹೊಗೆ ಕಡಿಮೆಯಾಗಲಿಲ್ಲ, ಚಳಿ ಮಾತ್ರ ಬಂತು. ಆಗ ಪಕ್ಕದ ಮನೆಯ ಅಜ್ಜನ ಫೋನ್. ಬೆಂಕಿಯೇನೋ ಅಂತ ಗಾಬರಿಯಾಗಿರಬೇಕು ಎಂದುಕೊಂಡು ಎತ್ತಿದೆ. "ಕೇಳಿಸಿತು, ಕೇಳಿಸಿತು. ಕೊನೆಗೂ ಒಬ್ಬರಾದರೂ ಟೈಮ್‌ಔಟ್ ಬಜರ್ ಒತ್ತಿದರಲ್ಲ!" ಅಂದರು.

ಆ ಅಜ್ಜನಿಗೆ ಬಾಬ್ ನೈಟ್ ಬಿಟ್ಟರೆ ಬೇರೆ ಕೋಚ್ ಇಲ್ಲ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1976, 1981, 1987ರಲ್ಲಿ ಚಾಂಪಿಯನ್ ಪಟ್ಟ ತಂದುಕೊಟ್ಟವರು ಅವರು. 1976ರಲ್ಲಂತೂ 32 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. 1985ರ ಫೆಬ್ರವರಿ 23ರಂದು ಪರ್ಡ್ಯೂ ವಿರುದ್ಧ ಆಡುವಾಗ ರೆಫರಿ ಮೇಲೆ ಸಿಟ್ಟು ಬಂದು ಕೆಂಪು ಕುರ್ಚಿಯನ್ನೇ ಅಂಗಳಕ್ಕೆ ಎಸೆದರು. "ಆತನಾಗಿದ್ದರೆ ಇಷ್ಟೊತ್ತಿಗೆ ಏನಾದರೂ ಎಸೆದಿರುತ್ತಿದ್ದ" ಅನ್ನುವುದು ಅಜ್ಜನ ಕೊರಗು. ಕುರ್ಚಿ ಎಸೆದ ಆ ಪಂದ್ಯವನ್ನು ಇಂಡಿಯಾನಾ 72-63ರಲ್ಲಿ ಸೋತಿತು, 2000ದಲ್ಲಿ ವಿಶ್ವವಿದ್ಯಾಲಯ ನೈಟ್ ಅವರನ್ನೇ ಮನೆಗೆ ಕಳಿಸಿತು. ಇದನ್ನು ಅಜ್ಜನಿಗೆ ನೆನಪಿಸಲು ಹೋಗಬಾರದು. ಸಿಟ್ಟಿನ ಕೋಚ್ ಒಳ್ಳೆಯವನು ಅಂತ ನಾನೂ ಹೇಳುವುದಿಲ್ಲ. ನನಗೆ ಕುರ್ಚಿ ಬೇಡ. ಕೈ ಎತ್ತಿ 'ಟಿ' ಮಾಡಿದರೆ ಸಾಕು.

ನಮ್ಮ ಯಜಮಾನರು ಕೋಚ್ ಪರ ವಕೀಲರು. ಆಟ ನೋಡುವುದಿಲ್ಲ, ಆದರೆ ನನ್ನನ್ನು ರೇಗಿಸುವುದಕ್ಕೆ ಬೇಕಾದಷ್ಟು ಓದಿಕೊಂಡು ಬರುತ್ತಾರೆ. "ನಾರ್ತ್ ಕ್ಯಾರೊಲೈನಾದ ಕೋಚ್ ಆಗಿದ್ದ ರಾಯ್ ವಿಲಿಯಮ್ಸ್ ಕೂಡ ಟೈಮ್‌ಔಟ್ ತಗೊಳ್ಳೋಕೆ ಹಿಂದೆಮುಂದೆ ನೋಡುತ್ತಿದ್ದರಂತೆ. ಹುಡುಗರೇ ದಾರಿ ಹುಡುಕಿಕೊಳ್ಳಲಿ ಅಂತ." ನಿಜ. ಆದರೆ ಅವರ ಹುಡುಗರು ದಾರಿ ಹುಡುಕಿಕೊಂಡು 2005, 2009, 2017ರಲ್ಲಿ ಚಾಂಪಿಯನ್ ಆದರು. ನಮ್ಮವರು ಬಸ್ಸಿನ ದಾರಿ ಹುಡುಕಿಕೊಂಡರೆ ಹೆಚ್ಚು.

"ಹೋಗಲಿ, ಈ ಆಟ ಕಂಡುಹಿಡಿದ ನೈಸ್ಮಿತ್?" ಅನ್ನುತ್ತಾರೆ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ ಆಟ ಶುರು ಮಾಡಿದ ಜೇಮ್ಸ್ ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. 55 ಗೆಲುವು, 60 ಸೋಲು. ಅಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಕಂಡ ಕೋಚ್ ಅವರೊಬ್ಬರೇ! ಆ ಕಾಲದಲ್ಲಿ ಟಿ.ವಿ. ಇರಲಿಲ್ಲ. ಪಾಪ, ಬಚಾವಾದರು.

1993ರ ಕಾಲೇಜು ಚಾಂಪಿಯನ್‌ಷಿಪ್ ಫೈನಲ್ ಕಥೆಯನ್ನೂ ತೆಗೆಯುತ್ತಾರೆ. ಮಿಷಿಗನ್ ಎರಡು ಪಾಯಿಂಟ್ ಹಿಂದೆ, 11 ಸೆಕೆಂಡ್ ಬಾಕಿ. ಅವರ ಆಟಗಾರ ಕ್ರಿಸ್ ವೆಬರ್ ಟೈಮ್‌ಔಟ್ ಕೇಳಿದ. ಮಿಷಿಗನ್ ಬಳಿ ಒಂದೂ ಉಳಿದಿರಲಿಲ್ಲ. ದಂಡವಾಗಿ ಟೆಕ್ನಿಕಲ್ ಫೌಲ್ ಬಿತ್ತು, ನಾರ್ತ್ ಕ್ಯಾರೊಲೈನಾ ಗೆದ್ದಿತು. "ನೋಡಿದೆಯಾ, ಉಳಿಸಿಕೊಳ್ಳಬೇಕು" ಅಂತ ಇವರ ತೀರ್ಪು. ಉಳಿಸಿಕೊಳ್ಳಲಿ ಸ್ವಾಮಿ, ಒಂದು ಉಳಿಸಿಕೊಳ್ಳಲಿ. ಇಡೀ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿ ಅಂತ ಯಾರು ಹೇಳಿದರು?

ಇಷ್ಟು ಬೇಜಾರಿದ್ದರೆ ತೆಗೆದುಹಾಕಬಹುದಲ್ಲ ಅಂತ ನೀವು ಕೇಳಬಹುದು. ಅದೇ ತಮಾಷೆ. ಒಪ್ಪಂದದ ನಡುವೆ ಕೋಚ್‌ನನ್ನು ಕಳಿಸಿದರೆ ಉಳಿದ ವರ್ಷಗಳಿಗೆ ದುಡ್ಡು ಎಣಿಸಬೇಕು. 2024ರ ಮಾರ್ಚ್‌ನಲ್ಲಿ ಕೆಂಟಕಿ ತಂಡ ಓಕ್ಲೆಂಡ್ ಎದುರು 80-76ರಲ್ಲಿ ಸೋತಾಗ ಅಲ್ಲಿನ ಅಭಿಮಾನಿಗಳು ಕೋಚ್ ಜಾನ್ ಕ್ಯಾಲಿಪಾರಿ ಮೇಲೆ ಕೆಂಡವಾಗಿದ್ದರು. ಕಳಿಸಬೇಕೆಂದರೆ ಮೂರು ಕೋಟಿ ಡಾಲರ್‌ಗೂ ಮೀರಿ ಕೊಡಬೇಕಿತ್ತು. ಮರುತಿಂಗಳು ಅವರೇ ಆರ್ಕನ್ಸಾಗೆ ಹೊರಟಿದ್ದರಿಂದ ಎಲ್ಲರೂ ಉಸಿರುಬಿಟ್ಟರು. ನಮ್ಮ ಯಜಮಾನರ ಆಫೀಸಿನಲ್ಲಿ ಕೆಲಸದಿಂದ ತೆಗೆದರೆ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಈ ಸಂಗತಿ ಹೇಳಿದ ದಿನ ಮಾತ್ರ ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ನನ್ನ ಕಷ್ಟ ಪೂರ್ತಿ ಅರ್ಥವಾಗುವುದು ಅಮ್ಮನಿಗೆ. ಇಲ್ಲಿ ಸಂಜೆ ಏಳರ ಪಂದ್ಯ ಅಂದರೆ ಮೈಸೂರಿನಲ್ಲಿ ಬೆಳಗಿನ ಐದೂವರೆ. ಡಿಕಾಕ್ಷನ್ ಇಳಿಯುವ ಹೊತ್ತು. ವಾಟ್ಸ್‌ಆಪ್‌ನಲ್ಲಿ ವಿಡಿಯೊ ಕಾಲ್ ಮಾಡಿ, "ನಿನ್ನ ಫೋನು ಟಿ.ವಿ. ಕಡೆ ತಿರುಗಿಸೇ" ಅನ್ನುತ್ತಾಳೆ. ನಿಯಮ ಒಂದೂ ಗೊತ್ತಿಲ್ಲ, ಕೋಚ್ ಮೇಲೆ ಸಿಟ್ಟು ಮಾತ್ರ ನನ್ನಷ್ಟೇ ಇದೆ. "ಅಲ್ವೇ, ಮಕ್ಕಳು ಅಷ್ಟು ಸುಸ್ತಾಗಿವೆ. ಕರೆದು ಒಂದು ಲೋಟ ನೀರು ಕೊಡಬಾರದಾ ಅವನು?" ಇದಕ್ಕಿಂತ ಒಳ್ಳೆಯ ವಿಶ್ಲೇಷಣೆಯನ್ನು ಯಾವ ಚಾನೆಲ್ಲಿನಲ್ಲೂ ನಾನು ಕೇಳಿಲ್ಲ.

ಮೊನ್ನೆಯ ಪಂದ್ಯದಲ್ಲೂ ಅದೇ ಕಥೆ. ಹತ್ತೊಂಬತ್ತು ಪಾಯಿಂಟ್ ಹಿಂದೆ, 38 ಸೆಕೆಂಡ್ ಬಾಕಿ. ಜನ ಪಾರ್ಕಿಂಗ್ ಕಡೆ ಹೊರಟಿದ್ದಾರೆ. ಆಗ ನಮ್ಮ ಕೋಚ್ ಮುಂದೆ ಬಂದು, ನಿಧಾನವಾಗಿ ಎರಡೂ ಕೈ ಎತ್ತಿ 'ಟಿ' ಮಾಡಿದ. ಟೈಮ್‌ಔಟ್! ಪಕ್ಕದ ಮನೆಯಿಂದ ಅಜ್ಜ ಏನೋ ಕೂಗಿದ್ದು ಗೋಡೆ ದಾಟಿ ಕೇಳಿಸಿತು. ಆತ ಹುಡುಗರನ್ನು ಸುತ್ತ ಕೂರಿಸಿಕೊಂಡು, ಮಂಡಿಯೂರಿ, ಬೋರ್ಡಿನ ಮೇಲೆ ಅದೇನೋ ಗೀಚತೊಡಗಿದ.

"ಈಗ ಏನು ಬರೀತಿದಾನಮ್ಮಾ?" ಅಂತ ಹಣೆ ಚಚ್ಚಿಕೊಂಡೆ.

ಅಮ್ಮ ಕಾಫಿ ಒಂದು ಗುಟುಕು ಕುಡಿದು ಹೇಳಿದಳು. "ಸುಮ್ನಿರೇ. ರಾತ್ರಿ ಊಟಕ್ಕೆ ಯಾರ್‍ಯಾರಿಗೆ ಏನೇನು ಬೇಕು ಅಂತ ಕೇಳ್ಕೊಂಡು ಬರ್ಕೋತಿರ್ತಾನೆ."